ಮೈಕಿನ ‘ಡರ್ರ್’ ಸದ್ದು ಕಲಿಸುವ ಪಾಠ

ಮೊನ್ನೆ ಹರೂರು ಕಡೆಯ ನಮ್ಮ ಶಾಲೆಯಲ್ಲಿ ಪ್ರಾರ್ಥನೆ ನಡೆಯುವಾಗ ಮೈಕಿನಲ್ಲಿ ‘ಡರ್ರ್, ಡರ್ರ್’ ಎಂಬ ಸದ್ದು. ಮರುಕ್ಷಣವೇ ಒಬ್ಬ ಮೇಷ್ಟ್ರ ಜೇಬಿನ ಹಳೆಯ 2ಜಿ ಫೋನು ರಿಂಗಾಯಿತು. ಮಕ್ಕಳು ನಕ್ಕರು. ‘ಫೋನ್ ಆಫ್ ಮಾಡಿ’ ಎಂದು ನಾವು ಅಲ್ಲಿಗೇ ಮುಗಿಸಿದೆವು. ನಾವು ಎಡವಿದ್ದು ಅಲ್ಲೇ.

ಯೋಚಿಸಿ ನೋಡಿ. ಫೋನಿನ ಅಲೆ ಸುಮಾರು 900 ಮೆಗಾಹರ್ಟ್ಸ್. 1968ರಲ್ಲಿ ಬಂದ 741ರಂಥ ಆಪ್-ಆಂಪ್ ಐಸಿಗೆ 1 ಮೆಗಾಹರ್ಟ್ಸ್ ದಾಟಿದರೆ ವರ್ಧಿಸುವ ಶಕ್ತಿಯೇ ಇಲ್ಲ. ಹಾಗಿದ್ದರೆ ಸದ್ದು ಬಂದದ್ದೆಲ್ಲಿಂದ? 2ಜಿ ಫೋನು ಸೆಕೆಂಡಿಗೆ ಸುಮಾರು 217 ಸಲ ಬಿಟ್ಟು ಬಿಟ್ಟು ಅಲೆ ಕಳಿಸುತ್ತದೆ. ಎಂಟು ಸೆಂಟಿಮೀಟರಿನ ತಂತಿಯೂ ಅದಕ್ಕೆ ಒಳ್ಳೆಯ ಆಂಟೆನಾ. ಐಸಿಯ ಇನ್‌ಪುಟ್ ಟ್ರಾನ್ಸಿಸ್ಟರು ಡಯೋಡಿನಂತೆ ವರ್ತಿಸಿ, ಅಲೆಯನ್ನು ಬಿಟ್ಟು ಅದರ ಏರಿಳಿತವನ್ನಷ್ಟೇ ಹಿಡಿಯುತ್ತದೆ. ನಮಗೆ ಕೇಳಿಸುವುದು ಆ 217ರ ಮಿಡಿತ.

ಮದ್ದು ದುಬಾರಿಯೇನಲ್ಲ. ಐಸಿಯ ಕಾಲಿನ ಹತ್ತಿರವೇ 1 ಕಿಲೋಓಮ್ ರೆಸಿಸ್ಟರು, ಅಲ್ಲಿಂದ ಗ್ರೌಂಡಿಗೆ 100 ಪಿಕೋಫ್ಯಾರಡ್ ಕೆಪಾಸಿಟರು. ಮಾತು ದಾಟುತ್ತದೆ, ಫೋನಿನ ಅಲೆ ಬಹುಪಾಲು ನಿಲ್ಲುತ್ತದೆ. ಈ ತಡೆಶಕ್ತಿಯನ್ನು ಒಳಗೇ ಇಟ್ಟುಕೊಂಡ ಐಸಿಗಳೂ ಈಗ ಸಿಗುತ್ತವೆ.

ಹಾಡು, ಪದ್ಯಕ್ಕೆ ಕನ್ನಡ. ಎಲೆಕ್ಟ್ರಾನಿಕ್ಸಿಗೆ ಇಂಗ್ಲಿಷ್ ಎಂಬ ಭಾವನೆ ಗಡಿಯಾಚೆಯ ನಮ್ಮ ಮಕ್ಕಳಲ್ಲಿ ಬೇರೂರುತ್ತಿದೆ. ಅದನ್ನು ಭಾಷಣದಿಂದ ಕೀಳಲಾಗದು. ಕೆಟ್ಟ ಸದ್ದಿನ ಕಾರಣವನ್ನು ಕನ್ನಡದಲ್ಲೇ ಬಿಡಿಸಿ ಹೇಳಿ, ಬೆಸುಗೆ ಕಡ್ಡಿಯನ್ನು ಮಕ್ಕಳ ಕೈಗೆ ಕೊಟ್ಟರೆ ಕೀಳಬಹುದು. ಏನಂತೀರಿ?