ಲಗ್ನಪತ್ರಿಕೆ ಎಸೆಯಬೇಡಿ, ಶುಭಾಶಯ ಪತ್ರ ಮಾಡಿ



ಧನುರ್ಮಾಸ ಹತ್ತಿರ ಬಂತೆಂದರೆ ಮದುವೆಗಳಿಗೆ ಬಿಡುವು. ಅಲ್ಲಿಯವರೆಗೆ ಬಂದು ಬಿದ್ದ ಲಗ್ನಪತ್ರಿಕೆಗಳು ಮಾತ್ರ ಟಿವಿ ಸ್ಟ್ಯಾಂಡಿನ ಕೆಳಗೋ ಬೀರುವಿನ ಮೇಲೋ ಉಳಿದಿರುತ್ತವೆ. ಗಣಪತಿಯ ಚಿತ್ರವಿದೆಯೆಂದು ಕಸಕ್ಕೆ ಹಾಕಲು ಮನಸ್ಸಾಗದು, ಇಟ್ಟುಕೊಂಡರೆ ಉಪಯೋಗವಿಲ್ಲ. ಆ ರಾಶಿಯನ್ನು ಕೆಳಗಿಳಿಸಿ ಎಂಬುದು ನನ್ನ ಮನವಿ. ಮನೆಮಂದಿಯೆಲ್ಲ ಕೂತು ಅದರಿಂದ ಕೈಯಾರೆ ಶುಭಾಶಯ ಪತ್ರ ಮಾಡಿ. ಕ್ರಿಸ್‌ಮಸ್‌ಗೋ ಹೊಸ ವರ್ಷಕ್ಕೋ ಸಂಕ್ರಾಂತಿಗೋ ಅಂಚೆಯಲ್ಲಿ ಕಳುಹಿಸಿ. ಅವುಗಳಲ್ಲಿ ಒಂದಾದರೂ, ಬಿಲ್ ಮತ್ತು ನೋಟಿಸುಗಳ ಹೊರತು ಅಂಚೆಯಲ್ಲಿ ಬೇರೇನೂ ಬಾರದ ಒಬ್ಬರ ಕೈಸೇರಲಿ.

ವಾಟ್ಸ್ಆ್ಯಪ್ ಇರುವಾಗ ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಅಚ್ಚಾದ ಕ್ರಿಸ್‌ಮಸ್ ಕಾರ್ಡ್ ಹುಟ್ಟಿದ್ದೂ ಪುರಸೊತ್ತಿಲ್ಲದವರಿಗಾಗಿಯೇ. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಯ ಅಂಚೆ ಶುರುವಾದ ಮೇಲೆ ಕಾಗದಗಳ ಓಡಾಟ ಹೆಚ್ಚಿತು. ಬಂದ ಕಾಗದಗಳಿಗೆಲ್ಲ ಉತ್ತರ ಬರೆಯಲಾಗದ ಹೆನ್ರಿ ಕೋಲ್ ಎಂಬವರು 1843ರಲ್ಲಿ ಜಾನ್ ಹಾರ್ಸ್ಲಿ ಎಂಬ ಕಲಾವಿದರಿಂದ ಚಿತ್ರ ಬರೆಸಿ ಕ್ರಿಸ್‌ಮಸ್ ಕಾರ್ಡುಗಳನ್ನು ಅಚ್ಚು ಹಾಕಿಸಿದರು. ಒಂದೇ ಮಾತನ್ನು ನೂರಾರು ಜನಕ್ಕೆ ಮುಟ್ಟಿಸುವ ಆ ಕೆಲಸವನ್ನು ಇಂದು ಫೋನು ಇನ್ನೂ ಚೆನ್ನಾಗಿ ಮಾಡುತ್ತದೆ, ಮಾಡಲಿ. ಕೈಯಿಂದ ಮಾಡಿದ ಪತ್ರಕ್ಕೆ ಅದರೊಂದಿಗೆ ಪೈಪೋಟಿಯಿಲ್ಲ. ಅದು ಒಬ್ಬರನ್ನೇ ಮನಸ್ಸಿನಲ್ಲಿಟ್ಟುಕೊಂಡು ಅರ್ಧ ಗಂಟೆ ಕೂತದ್ದಕ್ಕೆ ಸಾಕ್ಷಿ. ಉತ್ತರ ಕರ್ನಾಟಕದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸಂಕ್ರಾಂತಿಯ ಗ್ರೀಟಿಂಗ್ ಜೊತೆ ಲಕೋಟೆಯಲ್ಲಿ ನಾಲ್ಕು ಕಾಳು ಕುಸುರೆಳ್ಳು ಇಟ್ಟು ಕಳಿಸುತ್ತಿದ್ದವರು ಅಲ್ಲಿ ಇನ್ನೂ ಇದ್ದಾರೆ.

ಚಿತ್ರ ಬರೆಯಲು ಬರುವುದಿಲ್ಲವೇ? ಚುಕ್ಕಿ ರಂಗೋಲಿ ಬರುತ್ತದಲ್ಲ! ಅಜ್ಜಿಯನ್ನು ಕೇಳಿ, ಮಕ್ಕಳು ಪೆನ್ನಿನಲ್ಲಿ ಎಳೆಯಲಿ. ಲೆಕ್ಕದ ಪುಸ್ತಕದ ಚೌಕುಳಿ ಹಾಳೆಯ ಮೇಲೆ ಕಸೂತಿಯ ಗೋಪುರ, ತೇರು, ಆನೆ ಸುಲಭವಾಗಿ ಮೂಡುತ್ತವೆ. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು, ಅಕ್ಕಿಹಿಟ್ಟು, ಹುರಿದ ಅಕ್ಕಿಯ ಕಪ್ಪು ಮುಂತಾದವುಗಳಲ್ಲೇ ಚಿತ್ತಾರ ಬರೆಯುತ್ತಾರೆ, ಪುಂಡಿ ನಾರೇ ಅವರ ಕುಂಚ. ದುಬಾರಿ ಬಣ್ಣ ಬೇಕಿಲ್ಲ. ಅರಿಶಿನದ ನೀರು ಹಳದಿ, ಅದಕ್ಕೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪು. ಪತ್ರಿಕೆಯ ಮಿರುಗುವ ಭಾಗದ ಮೇಲೆ ಶಾಯಿ ಹರಡುವುದರಿಂದ ಅಲ್ಲಿ ಬಿಳಿ ಹಾಳೆ ಅಂಟಿಸಿ ಬರೆಯಿರಿ. ಅಂಟಿಗೆ ಮೈದಾ ಕಾಯಿಸಿದ ಸರಿ ಸಾಕು. ಗ್ಲಿಟರ್ ಮಾತ್ರ ಬೇಡ. ಅದು ಪ್ಲಾಸ್ಟಿಕ್ ಪುಡಿ, ಕಾಗದ ಮರುಬಳಕೆಗೆ ಹೋಗದಂತೆ ಮಾಡುತ್ತದೆ.

ಒಳಗೆ 'ಹಾರ್ದಿಕ ಶುಭಾಶಯಗಳು' ಎಂದಷ್ಟೇ ಬರೆದು ಮುಗಿಸಬೇಡಿ. ಈ ಸಲ ಅವರೆಕಾಯಿಗೆ ಸೊಗಡು ಹೇಗಿದೆ, ಹಸು ಕರು ಹಾಕಿತೇ, ಮಗಳು ಸೈಕಲ್ ಕಲಿತಳೇ, ಇಂಥ ಎರಡು ಸಾಲು ಸುದ್ದಿ ಇರಲಿ. ವಯಸ್ಸಾದವರಿಗಾದರೆ ಅಕ್ಷರ ದಪ್ಪಗಿರಲಿ.

ಯಾರಿಗೆ ಕಳುಹಿಸುವುದು? ಊರಿನ ಮನೆಯಲ್ಲಿ ಒಂಟಿಯಾಗಿರುವ ಚಿಕ್ಕಮ್ಮನಿಗೆ, ಹಾಸ್ಟೆಲಿನಲ್ಲಿರುವ ಹುಡುಗನಿಗೆ, ನಿವೃತ್ತರಾದ ನಿಮ್ಮ ಮೇಷ್ಟರಿಗೆ. ಹತ್ತಿರದ ವೃದ್ಧಾಶ್ರಮಕ್ಕೆ ಕಳುಹಿಸುವುದಾದರೆ ಮೊದಲು ಅಲ್ಲಿನವರನ್ನು ಕೇಳಿ: ಎಷ್ಟು ಜನರಿದ್ದಾರೆ, ಯಾವ ಭಾಷೆ ಓದುತ್ತಾರೆ? ಕೆಲವರಿಗೆ ಬಂದು ಕೆಲವರಿಗೆ ಬಾರದಿದ್ದರೆ ಅದು ನೋವೇ ಆದೀತು. ಮಕ್ಕಳು ಬರೆದ ಅಂಥ ಪತ್ರಗಳಲ್ಲಿ ಮನೆಯ ವಿಳಾಸ, ಫೋನ್ ನಂಬರ್ ಬೇಡ, ಶಾಲೆಯ ವಿಳಾಸ ಸಾಕು.

20 ಗ್ರಾಂವರೆಗಿನ ಪತ್ರಕ್ಕೆ 5 ರೂಪಾಯಿಯ ಅಂಚೆಚೀಟಿ. ಲಗ್ನಪತ್ರಿಕೆಯ ಕಾಗದ ಭಾರ, ಆದ್ದರಿಂದ ಕಳುಹಿಸುವ ಮೊದಲು ಅಂಚೆ ಕಚೇರಿಯಲ್ಲಿ ತೂಗಿಸಿ. ಚೀಟಿ ಕಡಿಮೆ ಬಿದ್ದರೆ ಪತ್ರ ಪಡೆದವರೇ ದಂಡ ತೆರಬೇಕಾಗುತ್ತದೆ. ಆರಂಕಿಯ ಪಿನ್‌ಕೋಡ್ ಮರೆಯಬೇಡಿ.

ಮೇಷ್ಟರುಗಳೇ, ಚಿತ್ರಕಲೆಯ ಒಂದು ಪೀರಿಯಡ್ ಇದಕ್ಕೆ ಕೊಡಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳನ್ನು ನೋಡಿಕೊಳ್ಳುವವರೇ, ಮೇಜಿನ ಮೇಲೆ ಕತ್ತರಿ, ಅಂಟು, ಪತ್ರಿಕೆಗಳ ರಾಶಿ ಇಟ್ಟು ಮಕ್ಕಳನ್ನು ಕರೆಯಿರಿ. ಅಪಾರ್ಟ್‌ಮೆಂಟ್ ಸಂಘದವರೇ, ಹಳೆಯ ಲಗ್ನಪತ್ರಿಕೆ ಹಾಕಲು ಕೆಳಗೊಂದು ಪೆಟ್ಟಿಗೆಯಿಡಿ.

ಒಂದು ಭಾನುವಾರದ ಮಧ್ಯಾಹ್ನ ಸಾಕು. ಕ್ರಿಸ್‌ಮಸ್‌ಗಾದರೆ ಡಿಸೆಂಬರ್ 15ರೊಳಗೆ, ಸಂಕ್ರಾಂತಿಗಾದರೆ ಜನವರಿ 5ರೊಳಗೆ ಅಂಚೆ ಡಬ್ಬಿಗೆ ಹಾಕಿ. ಉತ್ತರ ಬಂದರೆ ಕೂಡಲೇ ಮತ್ತೊಂದು ಬರೆಯಿರಿ. ಬಾರದಿದ್ದರೆ ಬರೆಯಲು ಕೈ ನಡುಗುವವರಿರಬಹುದು, ಚೀಟಿ ತಂದುಕೊಡುವವರಿಲ್ಲದವರಿರಬಹುದು. ಯುಗಾದಿಗೂ ನೀವೇ ಬರೆಯಿರಿ.