ಬಿಟ್ಟು ಹೋದವನು ದ್ರೋಹಿನಾ?

2025ರ ಮೇ ತಿಂಗಳು. ಬೇಸ್‌ಬಾಲ್ ತಾರೆ ಹ್ವಾನ್ ಸೋಟೊ ಮೆಟ್ಸ್ ತಂಡದ ಜರ್ಸಿ ತೊಟ್ಟು ಯಾಂಕೀ ಸ್ಟೇಡಿಯಂಗೆ ಬಂದಾಗ ಗ್ಯಾಲರಿಯೆಲ್ಲ 'ಬೂ' ಅಂತ ಕೂಗಿತು. ಕೆಲವರು ಬೆನ್ನು ತಿರುಗಿಸಿ ನಿಂತರು. ಹಿಂದಿನ ವರ್ಷ ಆತ ಅವರದೇ ಹೀರೋ! ಮಾಡಿದ ತಪ್ಪೇನು? ಫ್ರೀ ಏಜೆಂಟ್ ಆದ ಮೇಲೆ, 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಡ್ತೀವಿ ಅಂದ ಅದೇ ನ್ಯೂಯಾರ್ಕಿನ ಇನ್ನೊಂದು ತಂಡಕ್ಕೆ ಹೋದದ್ದು.

ದುಡ್ಡಿಗೆ ಹೋದ ಅಂತ ಬೈಯೋದು ಸುಲಭ. ಆದರೆ ಈ ಹಕ್ಕು ಬಿಟ್ಟಿ ಸಿಕ್ಕಿದ್ದಲ್ಲ. 1969ರಲ್ಲಿ, 12 ವರ್ಷ ತನಗಾಗಿ ಆಡಿದ್ದ ಕರ್ಟ್ ಫ್ಲಡ್‌ನನ್ನು ಸೇಂಟ್ ಲೂಯಿಸ್ ತಂಡ ಒಂದು ಮಾತೂ ಕೇಳದೆ ಫಿಲಡೆಲ್ಫಿಯಾಕ್ಕೆ ದಾಟಿಸಿತು. ತಾನೇನು ಸರಕಲ್ಲ ಅಂತ ಆತ ಕೋರ್ಟಿಗೆ ಹೋದ. 1972ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತ. ಬಾಗಿಲು ತೆರೆದದ್ದು 1975ರ ಕೊನೆಗೆ, ಬೇರೆ ಇಬ್ಬರು ಆಟಗಾರರ ಪ್ರಕರಣದಲ್ಲಿ.

ಇವತ್ತಿಗೂ ಆರು ವರ್ಷ ಸರ್ವಿಸ್ ಆಗದೆ ಈ ಹಕ್ಕು ಸಿಗಲ್ಲ. ಅಲ್ಲೀವರೆಗೂ ತಂಡ ಕಳಿಸಿದ ಕಡೆ ಹೋಗಬೇಕು. ಸೋಟೊನನ್ನೇ 2022ರಲ್ಲಿ ವಾಷಿಂಗ್ಟನ್, 2023ರಲ್ಲಿ ಸ್ಯಾನ್ ಡಿಯೇಗೊ ಬೇರೆಯವರಿಗೆ ಕೊಟ್ಟವು. ಎರಡನೇ ಸಲ ಆತ ಬಂದದ್ದು ಯಾಂಕೀಸ್‌ಗೇ. ಆಗ ಅಲ್ಲಿ ಯಾರಿಗೂ ನಿಷ್ಠೆ ನೆನಪಾಗಲಿಲ್ಲ, ನೋಡಿ!

ಮಾಲೀಕರ ನಿಷ್ಠೆ ಬೇಕಾ? 'ತಂಡ ಮಾರಿ' ಅಂತ ಅಭಿಮಾನಿಗಳು ಗಂಟಲು ಹರಿಯೋ ಹಾಗೆ ಕೂಗಿದರೂ, 57 ಸೀಸನ್ ಆಡಿದ ಓಕ್ಲೆಂಡ್ ಊರನ್ನ ಅಥ್ಲೆಟಿಕ್ಸ್ ತಂಡ 2024ರಲ್ಲಿ ಬಿಟ್ಟೇ ಹೋಯಿತು.

ಪ್ಲೇಸ್‌ಮೆಂಟ್ ಆಗಿ ಎರಡು ವರ್ಷಕ್ಕೆ ಒಳ್ಳೆ ಆಫರ್ ಬಂದ್ರೆ ನಾವೂ ಕಂಪನಿ ಬದಲಿಸ್ತೀವಿ. ಅದನ್ನ ದ್ರೋಹ ಅನ್ನಲ್ಲ. ಅಭಿಮಾನಿಯ ನೋವು ನಿಜ, ಒಪ್ತೀನಿ. ಆದ್ರೆ ತೂಗೋದಾದ್ರೆ ಆಟಗಾರನನ್ನೂ ಮಾಲೀಕನನ್ನೂ ಒಂದೇ ತಕ್ಕಡಿಯಲ್ಲಿ ತೂಗೋಣ.