ಅಪ್ಡೇಟ್ ಬಂತು, ಬಾಗಲಕೋಟೆ ಸಿಗಲಿಲ್ಲ!



ಇಳಕಲ್ಲಿನಲ್ಲಿ ನನ್ನದೊಂದು ಪ್ರಿಂಟಿಂಗ್ ಪ್ರೆಸ್ಸು. ಬಾಗಲಕೋಟೆಯ ಮದುವೆ ಕಾರ್ಡು, ಹುನಗುಂದದ ಬಿಲ್ ಬುಕ್ಕು, ಬಾದಾಮಿಯ ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಗಳ ಹ್ಯಾಂಡ್‌ಬಿಲ್ಲು. ಯಾರ ಕೆಲಸ ಯಾವತ್ತಿಗೆ ಎಂಬುದನ್ನು ಮೊದಲು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದೆ. ಈಗ ಅದಕ್ಕೆ ಕಂಪ್ಯೂಟರಿನಲ್ಲಿ ಕೆಲಸದ ಪಟ್ಟಿ ಇಡುವ ಸಾಫ್ಟ್‌ವೇರ್ ಇದೆ.

ಒಮ್ಮೆ ‘ಬಾಗಲಕೋಟೆ’ ಎಂದು ಹುಡುಕಿದೆ. ಇದ್ದ ಆರ್ಡರನ್ನೇ ಅದು ತೋರಿಸಲಿಲ್ಲ. ಕಾರ್ಡು ತಡವಾಯಿತು. ಹೆಣ್ಣಿನ ತಂದೆ ಅಂಗಡಿ ಬಾಗಿಲಿಗೆ ಬಂದು ನಿಂತಾಗ ನನಗೆ ತಲೆ ಎತ್ತಲಾಗಲಿಲ್ಲ.

ಕಾರಣ ಏನು ಗೊತ್ತೆ? ‘ಕೋ’ ಅಕ್ಷರದ ಓತ್ವವನ್ನು ಕಂಪ್ಯೂಟರು ಒಂದೇ ಸಂಕೇತವಾಗಿ ಇಡಬಹುದು. ಎತ್ವ, ಊತ್ವ, ದೀರ್ಘ ಎಂಬ ಮೂರು ತುಂಡಾಗಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ. ಯುನಿಕೋಡ್ ನಿಯಮದಲ್ಲೂ ಎರಡೂ ಒಂದೇ. ಆ ನಿಯಮ ಪಾಲಿಸದ ಸಾಫ್ಟ್‌ವೇರಿಗೆ ಮಾತ್ರ ಅವು ಎರಡು ಬೇರೆ ಊರು! ಗಿರಾಕಿ ಕಳಿಸಿದ್ದು ಒಂದು ಥರ, ನಾನು ಟೈಪು ಮಾಡಿದ್ದು ಇನ್ನೊಂದು ಥರ.

ಮೊನ್ನೆ ಅದಕ್ಕೆ ಅಪ್ಡೇಟ್ ಬಂತು. ಹೊಸದೇನೂ ಇಲ್ಲ, ಬರೀ ರಿಪೇರಿ. ಜರ್ಮನ್ನರ ತಾರೀಖು ಸರಿಯಾಗಿದೆ, ಫ್ರೆಂಚರ ಅಕ್ಷರ ಸರಿಯಾಗಿದೆ. ಕನ್ನಡದ ಸುದ್ದಿಯೇ ಇಲ್ಲ!

ಯಾರನ್ನು ಬೈಯೋಣ? ಅವರು ದೂರು ಬರೆದರು, ಅವರದು ರಿಪೇರಿಯಾಯಿತು. ನಾವೇನು ಮಾಡಿದೆವು? ಕನ್ನಡ ಕೈಕೊಟ್ಟ ಕೂಡಲೇ ಇಂಗ್ಲಿಷಿನಲ್ಲಿ ಊರ ಹೆಸರು ಬರೆದು ಸುಮ್ಮನಾದೆವು. ನಾನೂ ಹಾಗೇ ಮಾಡಿದವನೇ. ಸೋಲು ಶುರುವಾಗುವುದೇ ಅಲ್ಲಿ.

1991ರ ಮೊದಲ ಯುನಿಕೋಡಿನಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿದೆ. ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು ‘ಬರಹ’ ಕೊಟ್ಟರು. ಕನ್ನಡ ಗಣಕ ಪರಿಷತ್ತು ‘ನುಡಿ’ ಕೊಟ್ಟಿತು. ಹಿರಿಯರು ತಮ್ಮ ಕೆಲಸ ಮಾಡಿದ್ದಾರೆ. ಇನ್ನು ನಮ್ಮ ಸರದಿ.

ಬೆಂಗಳೂರಿನ ಐಟಿ ಕಂಪನಿಯಲ್ಲಿ ಕೂತ ತಮ್ಮಂದಿರೇ, ತಂಗಿಯರೇ! ಬೋರ್ಡಿನಲ್ಲಿ ಕನ್ನಡ ಬೇಕೆಂದು ಕೂಗಿದರೆ ಸಾಲದು. ನಿಮ್ಮ ಕೆಲಸದ ಪಟ್ಟಿಯನ್ನು ಕನ್ನಡದಲ್ಲಿ ಬರೆಯಿರಿ. ಕೆಟ್ಟರೆ ದೂರು ಕೊಡಿ. ಸಾಫ್ಟ್‌ವೇರ್ ಪರೀಕ್ಷಿಸುವುದೇ ನಿಮ್ಮ ಉದ್ಯೋಗವಾದರೆ, ಒಂದು ಸಲ ‘ಬಾಗಲಕೋಟೆ’ ಎಂದು ಹುಡುಕಿ ನೋಡಿ.

ನಾನು ಬರೀ ಪಿಯುಸಿ. ಹರಕು ಮುರುಕು ಇಂಗ್ಲಿಷಿನಲ್ಲಿ ಬರೆದು, ಪರದೆಯ ಚಿತ್ರ ಹಚ್ಚಿ ಕಳಿಸಿದ್ದೇನೆ. ಒಬ್ಬನ ದೂರು ಕಸದ ಬುಟ್ಟಿಗೆ ಹೋಗಬಹುದು, ಸಾವಿರ ಜನರದು ಹೋಗಲಾರದು.

ನನ್ನದು ಹೋಯಿತು. ನಿಮ್ಮದು ಯಾವಾಗ?